ಮೆಲುದನಿಯ ಮೂವರು

ಕೇಳುಗರಿಗೆ ನಮಸ್ಕಾರ.

2018ರ ಸೆಪ್ಟೆಂಬರಿನಲ್ಲಿ ಬಂದ ಒಂದು ಆಲ್ಬಮ್ ಬಗ್ಗೆ ಮಾತಾಡುತ್ತೇನೆ. ಅದರ ಮೊದಲ ಹಾಡನ್ನು ಇಲ್ಲಿಂದ ಹಾಗೇ ಪ್ರಸಾರ ಮಾಡಿದರೆ, ಸ್ಟೇಷನ್ ಸರಿಯಾಗಿ ಹಿಡಿದಿಲ್ಲವೆಂದು ನಿಮ್ಮಲ್ಲಿ ಅರ್ಧ ಜನ ರೇಡಿಯೊದ ಕಿವಿ ಹಿಂಡುತ್ತೀರಿ. ಗರಗರ ಸದ್ದು, ಅದರಡಿ ಏಳುತ್ತ ಮುಳುಗುತ್ತ ಒಂದು ಕಂಠ. ಹಾಡನ್ನು ಮಾಡಿರುವುದೇ ಹಾಗೆ.

ತಂಡದ ಹೆಸರು ಲೋ. ಅಮೆರಿಕದ ಮಿನೆಸೋಟ ರಾಜ್ಯದ ಡುಲುತ್, ಸುಪೀರಿಯರ್ ಸರೋವರದ ದಂಡೆಯ ಚಳಿಯೂರು. ತಂಡ ಹುಟ್ಟಿದ್ದು ಅಲ್ಲಿ, 1993ರಲ್ಲಿ. ಗಿಟಾರಿಗೆ ಅಲನ್ ಸ್ಪಾರ್‌ಹಾಕ್, ಡ್ರಮ್ಸಿಗೆ ಅವರ ಹೆಂಡತಿ ಮಿಮಿ ಪಾರ್ಕರ್, ಹಾಡುವುದು ಇಬ್ಬರೂ. ಬೇಸ್ ಗಿಟಾರಿನವರು ಬದಲಾಗುತ್ತ ಬಂದರು. 2018ರ ಈ ಆಲ್ಬಮ್ ಹೊತ್ತಿಗೆ ಇದ್ದವರು ಸ್ಟೀವ್ ಗ್ಯಾರಿಂಗ್ಟನ್. ಗ್ರಂಜ್ ಎಂಬ ಗದ್ದಲದ ರಾಕ್ ಸಂಗೀತ ಅಬ್ಬರಿಸುತ್ತಿದ್ದ ಕಾಲದಲ್ಲಿ ಇವರು ಹಿಡಿದದ್ದು ವಿಳಂಬ ಲಯ, ತಗ್ಗಿದ ದನಿ. ಪಾರ್ಕರ್ ನಿಂತುಕೊಂಡೇ ಒಂದೆರಡು ಡ್ರಮ್ಮಿನ ಮೇಲೆ ಬ್ರಷ್ ಆಡಿಸುತ್ತಿದ್ದರು. ಸಭೆಯಲ್ಲಿ ಗಲಾಟೆಯಾದರೆ ಇವರು ಇನ್ನೂ ಮೆಲ್ಲಗೆ ನುಡಿಸುತ್ತಿದ್ದರು. ಎಂಥ ಹಟ ನೋಡಿ!

ಇಂಥವರ ಹನ್ನೆರಡನೆಯ ಆಲ್ಬಮ್ 'ಡಬಲ್ ನೆಗೆಟಿವ್'. ಮನೆಯಲ್ಲಿ ಹಾಡು ಮುಗಿಸಿ ತಾಲೀಮು ಮಾಡಿ ಹೋಗುವ ರೂಢಿಯನ್ನು ಬಿಟ್ಟು, ಅರೆಬರೆ ತುಣುಕುಗಳನ್ನೇ ಹಿಡಿದು ಪಕ್ಕದ ವಿಸ್ಕಾನ್ಸಿನ್ನಿನ ಏಪ್ರಿಲ್ ಬೇಸ್ ಸ್ಟುಡಿಯೊಗೆ ಹೋದರು. ಹಿಂದಿನ ಆಲ್ಬಮ್ ಮಾಡಿದ್ದ ನಿರ್ಮಾಪಕ ಬಿ.ಜೆ. ಬರ್ಟನ್ ಅವರೇ ಇಲ್ಲೂ ಇದ್ದರು. ಆದರೆ ಈ ಸಲ ಧ್ವನಿಯನ್ನು ಮುರಿಯುವುದೇ ರಚನೆಯ ಭಾಗವಾಯಿತು.

ನಿರೂಪಕರು ಬಾಯಿ ತೆರೆದೊಡನೆ ಹಿನ್ನೆಲೆ ಸಂಗೀತ ತಗ್ಗುವುದನ್ನು ನೀವು ದಿನವೂ ಕೇಳುತ್ತೀರಿ. ಕಂಪ್ರೆಸರ್ ಎಂಬ ಉಪಕರಣಕ್ಕೆ ಹೇಳಿಟ್ಟರೆ ಅದು ತಾನಾಗಿಯೇ ಈ ಕೆಲಸ ಮಾಡುತ್ತದೆ: ಒಂದು ಸದ್ದು ಬಂದಾಗ ಇನ್ನೊಂದನ್ನು ಅದುಮುತ್ತದೆ. ಕುಣಿತದ ಸಂಗೀತದಲ್ಲಿ ಇದು ಹಳೆಯ ಉಪಾಯ. ಲೋ ಅದನ್ನು ತಮ್ಮ ನಿಧಾನಗತಿಗೆ ತಂದರು. ತಳದ ಗುದ್ದು ಬಿದ್ದಾಗಲೆಲ್ಲ ಉಳಿದದ್ದು ಕುಸಿಯುತ್ತದೆ, ಗುದ್ದಿನ ನಡುವೆ ಹಾಡು ಉಸಿರಿಗಾಗಿ ಮೇಲೇಳುತ್ತದೆ. ತಾಳವನ್ನು ಇಲ್ಲಿ ಕಾಯುವುದು ಆ ಏರಿಳಿತವೇ.

ತಂಡ ಹಳೆಯದನ್ನೆಲ್ಲ ಸುಟ್ಟು ಹಾಕಿತು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. 2007ರಲ್ಲೇ ಅವರು ಡ್ರಮ್ ಮೆಷಿನ್, ಲೂಪ್‌ಗಳ (ಮತ್ತೆ ಮತ್ತೆ ಮರಳುವ ಧ್ವನಿತುಣುಕುಗಳ) ಜೊತೆ ಆಟವಾಡಿದ್ದರು. ನಿಜ, 2013ರಲ್ಲಿ ಪಿಯಾನೊ ಇಟ್ಟುಕೊಂಡು ತೀರ ಸರಳವಾಗಿ ಹಾಡಿದ್ದೂ ಉಂಟು, ಹಾಗಾಗಿ ನೇರ ದಾರಿಯೇನಲ್ಲ. ಆದರೆ ಗಂಡಹೆಂಡಿರ ಜೋಡಿಕಂಠ 1994ರ ಮೊದಲ ಆಲ್ಬಮ್‌ನಲ್ಲಿ ಹೇಗಿತ್ತೋ ಇಲ್ಲೂ ಹಾಗೇ ಕೂಡಿಕೊಂಡಿದೆ. ಮೊದಲು ಅದು ಮೌನಕ್ಕೆ ಒರಗಿ ನಿಂತಿತ್ತು, ಈಗ ಗದ್ದಲಕ್ಕೆ ಎದುರಾಗಿ ನಿಂತಿದೆ. ನಡುವಿನ ಒಂದೆರಡು ಹಾಡು ಎಳೆದಂತಾಗುತ್ತವೆ, ಅದನ್ನೂ ಹೇಳಿಬಿಡುತ್ತೇನೆ.

2021ರ ಮುಂದಿನ ಆಲ್ಬಮ್ ಹೊತ್ತಿಗೆ ಉಳಿದವರು ದಂಪತಿ ಮಾತ್ರ. 2022ರ ನವೆಂಬರಿನಲ್ಲಿ ಪಾರ್ಕರ್ ಕ್ಯಾನ್ಸರಿನಿಂದ ತೀರಿಕೊಂಡರು. ತಂಡವೂ ಅಲ್ಲಿಗೆ ನಿಂತಿತು.

ಕೇಳುವುದಾದರೆ ಮೊಬೈಲಿನ ಪುಟ್ಟ ಸ್ಪೀಕರ್ ಬೇಡ, ತಳದ ಗುದ್ದು ಅದರಲ್ಲಿ ಬರುವುದೇ ಇಲ್ಲ. ಹೆಡ್‌ಫೋನ್ ಇರಲಿ. ಮೊದಲು 1994ರದ್ದು, ಆಮೇಲೆ ಇದು. ನಮಸ್ಕಾರ.