ಶೋರೂಮಿನಲ್ಲಿ ಮಳೆ ಬರುವುದಿಲ್ಲ

ಎಲ್ಲರಿಗೂ ನಮಸ್ಕಾರ.

ಗ್ರಂಥಾಲಯದವರು ಮಾತಾಡಲು ಕರೆದಾಗ ನಾನು ಮೊದಲು ಬೇಡ ಅಂದೆ. 30 ವರ್ಷ ತೀರ್ಥಹಳ್ಳಿಯಲ್ಲಿ ಗ್ಯಾರೇಜು ನಡೆಸಿದವನು ನಾನು. ಕಾರಿನ ಕೆಳಗೆ ಮಲಗಿಕೊಂಡು ಮಾತಾಡಿ ಅಭ್ಯಾಸ, ಮೈಕಿನ ಮುಂದೆ ನಿಂತುಕೊಂಡಲ್ಲ. ಆಗ ಅವರು ಒಂದು ಮಾತು ಹೇಳಿದರು. "ಮಾರಾಯ್ರೇ, ಅಡಿಕೆ ದುಡ್ಡು ಕೈಗೆ ಬಂದಿದೆ, ಊರಲ್ಲಿ ಎಷ್ಟೋ ಜನ ಕಾರು ನೋಡ್ತಾ ಇದ್ದಾರೆ. ಯಾವುದು ಬೇಕು, ಯಾವುದು ಸುಮ್ನೆ ಅಂತ ನೀವು ಹೇಳದೆ ಇನ್ಯಾರು ಹೇಳ್ತಾರೆ?" ಅದಕ್ಕೇ ಬಂದೆ.

ನೋಡಿ, ಅವರು ಹೇಳಿದ್ದರಲ್ಲೇ ನಮ್ಮ ಕಡೆಯ ತೊಂದರೆ ಇದೆ. ಕೊನೆ ಕೊಯ್ದು, ಬೇಯಿಸಿ, ಒಣಗಿಸಿ, ಮಂಡಿಗೆ ಹಾಕಿ ದುಡ್ಡು ಬರುವ ಹೊತ್ತಿಗೆ ಬೇಸಿಗೆ. ಕಾರು ನೋಡುವುದು ಬೇಸಿಗೆಯಲ್ಲಿ. ಟೆಸ್ಟ್ ಡ್ರೈವ್ ಕೊಡುವುದು ಶಿವಮೊಗ್ಗದ ಬೈಪಾಸಿನಲ್ಲಿ, ಒಣ ಟಾರಿನ ಮೇಲೆ, ಹತ್ತು ನಿಮಿಷ. ಆಮೇಲೆ ಜೂನ್ ಬರುತ್ತದೆ. ವರ್ಷಕ್ಕೆ ಸರಾಸರಿ 7,000 ಮಿ.ಮೀ. ಮೇಲೆ ಮಳೆ ಬೀಳುವ ಆಗುಂಬೆ ನಮಗೆ ಪಕ್ಕದ ಮನೆ ಇದ್ದ ಹಾಗೆ. ಶೋರೂಮಿನೊಳಗೆ ಮಳೆ ಬರುವುದಿಲ್ಲವಲ್ಲ. ಅಲ್ಲಿ ಎಲ್ಲವೂ ಕೆಲಸ ಮಾಡುತ್ತದೆ.

ಸನ್‌ರೂಫಿನಿಂದಲೇ, ಅಂದರೆ ಕಾರಿನ ಮಾಡಿನಲ್ಲಿ ತೆರೆಯುವ ಗಾಜಿನಿಂದಲೇ ಶುರು ಮಾಡುತ್ತೇನೆ. ಮನೆಯಲ್ಲಿ ಜಗಳ ಆಗುವುದು ಅದಕ್ಕೇ ಅಲ್ವಾ? ಮಕ್ಕಳಿಗೆ ಬೇಕು, ಅಪ್ಪನಿಗೆ ಬೇಡ. ನಾನು ಒಂದು ಲೆಕ್ಕ ಕೇಳುತ್ತೇನೆ. ಜೂನ್‌ನಿಂದ ಸೆಪ್ಟೆಂಬರ್ ಮಳೆ, ತೆಗೆಯುವ ಹಾಗಿಲ್ಲ. ಮಾರ್ಚ್‌ನಿಂದ ಮೇ ನೆತ್ತಿ ಸುಡುವ ಬಿಸಿಲು, ಪರದೆ ಕೂಡ ಸರಿಸುವ ಹಾಗಿಲ್ಲ. ಉಳಿದದ್ದು ಚಳಿಗಾಲ. ಬೆಳಗ್ಗೆ ಮಂಜು, ಮಧ್ಯಾಹ್ನ ಮುಂದಿನ ಲಾರಿಯ ಧೂಳು. ಸಂಜೆ ಆರು ಗಂಟೆಗೆ ತೆಗೆದರೆ ಸೊಳ್ಳೆ.

ಇಷ್ಟೇ ಆಗಿದ್ದರೆ ನಾನು ಸುಮ್ಮನಿರುತ್ತಿದ್ದೆ. ಅವರವರ ದುಡ್ಡು, ಅವರವರ ಸಂತೋಷ. ಆದರೆ ಸನ್‌ರೂಫಿನ ಬಗ್ಗೆ ಶೋರೂಮಿನಲ್ಲಿ ಹೇಳದೇ ಬಿಡುವ ಒಂದು ವಿಷಯ ಇದೆ. ಅದರ ಸುತ್ತ ಇರುವ ರಬ್ಬರ್ ಎಲ್ಲ ನೀರನ್ನೂ ತಡೆಯುವುದಿಲ್ಲ. ತಡೆಯಬೇಕು ಅಂತ ಮಾಡಿದ್ದೂ ಅಲ್ಲ. ಸ್ವಲ್ಪ ನೀರು ಒಳಗೆ ಇಳಿದೇ ಇಳಿಯುತ್ತದೆ. ನಮ್ಮ ಹೆಂಚಿನ ಮನೆಗೆ ಮಾಡಿನ ನೀರು ಹೋಗಲು ದೋಣಿ ಕಟ್ಟುವುದಿಲ್ಲವೇ, ಹಾಗೆ ಗಾಜಿನ ಸುತ್ತ ಒಂದು ಕಾಲುವೆ ಇರುತ್ತದೆ. ಆ ಕಾಲುವೆಯ ಮೂಲೆಗಳಿಂದ ಸಣ್ಣ ರಬ್ಬರ್ ಪೈಪುಗಳು ಕಂಬಗಳ ಒಳಗೆ ಇಳಿದು ನೀರನ್ನು ಕಾರಿನ ಅಡಿಗೆ ಬಿಡುತ್ತವೆ. ಪೈಪಿನ ದಪ್ಪ ನನ್ನ ಕಿರುಬೆರಳಿಗಿಂತ ಕಮ್ಮಿ. ಈಗ ಹೇಳಿ, ನಮ್ಮಲ್ಲಿ ಕಾರು ನಿಲ್ಲಿಸುವುದು ಎಲ್ಲಿ? ಹಲಸಿನ ಮರದ ಕೆಳಗೆ, ಮಾವಿನ ಮರದ ಕೆಳಗೆ. ಹೂವು, ತರಗು, ಧೂಳು ಎಲ್ಲ ಆ ಕಾಲುವೆಗೆ ಬೀಳುತ್ತದೆ. ಮೊದಲ ನಾಲ್ಕು ಮಳೆಗೆ ಅದು ಗಸಿ ಆಗಿ ಪೈಪಿನ ಬಾಯಿ ಕಟ್ಟುತ್ತದೆ. ಆಮೇಲೆ ನೀರಿಗೆ ದಾರಿ ಒಂದೇ, ನಿಮ್ಮ ತಲೆ.

ಒಬ್ಬರು ಗೌಡ್ರು ಆರಿದ್ರಾ ಮಳೆಯಲ್ಲಿ ಕಾರು ತಂದರು. "ಮುಂದಿನ ಗಾಜು ಸೋರ್ತಾ ಇದೆ, ಅಂಟು ಬಿಟ್ಟಿದೆ" ಅಂದರು. ಕಾಲಿನ ಹತ್ತಿರ ಕಾರ್ಪೆಟ್ ಎತ್ತಿದರೆ ಕೆಳಗಿನ ಸ್ಪಂಜು ನೀರು ಕುಡಿದು ಗದ್ದೆ ಆಗಿತ್ತು. ಸೀಟಿನ ಅಡಿ ಬಿಳಿ ಬೂಷ್ಟು. ಗಾಜು ಸರಿಯಾಗೇ ಇತ್ತು. ಸನ್‌ರೂಫಿನ ಎಡಗಡೆಯ ಪೈಪು ಕಟ್ಟಿತ್ತು. ರಿಪೇರಿಗೆ ಅರ್ಧ ಗಂಟೆ. ಕಾರ್ಪೆಟ್ ಒಣಗಿಸಲು ಹನ್ನೊಂದು ದಿನ, ಅದೂ ಅಡಿಕೆ ಒಣಗಿಸುವ ಡ್ರೈಯರ್ ಮನೆಯಲ್ಲಿಟ್ಟು. ಈಗಲೂ ಆ ಕಾರಿನಲ್ಲಿ ಕೂತರೆ ಅಡಿಕೆ ಚೊಗರಿನ ವಾಸನೆ ಬರುತ್ತದೆ.

ತನ್ನಷ್ಟಕ್ಕೆ ಓಡುವ ವೈಪರ್ ಬಗ್ಗೆ ಸ್ವಲ್ಪ ಹೇಳಬೇಕು. ಅದು ಹೇಗೆ ಕೆಲಸ ಮಾಡುತ್ತದೆ ಅಂತ ತಿಳಿದಾಗ ನನಗೆ ಖುಷಿಯಾಗಿತ್ತು. ಒಳಗಿನ ಕನ್ನಡಿಯ ಹಿಂದೆ, ಗಾಜಿಗೆ ಅಂಟಿಕೊಂಡು ಒಂದು ಸಣ್ಣ ಡಬ್ಬಿ ಇರುತ್ತದೆ. ಅದು ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕನ್ನು ಓರೆಯಾಗಿ ಗಾಜಿನೊಳಕ್ಕೆ ಬಿಡುತ್ತದೆ. ಗಾಜು ಒಣಗಿದ್ದರೆ ಬೆಳಕು ಹೊರಮೈಗೆ ತಾಗಿ ವಾಪಸ್ ಬರುತ್ತದೆ. ಹನಿ ಕೂತಿದ್ದರೆ ಸ್ವಲ್ಪ ಬೆಳಕು ಆ ಹನಿಯ ಮೂಲಕ ಹೊರಗೆ ಹೋಗಿಬಿಡುತ್ತದೆ. ವಾಪಸ್ ಬಂದದ್ದು ಕಮ್ಮಿ ಆದರೆ ಮಳೆ ಜಾಸ್ತಿ ಅಂತ ಲೆಕ್ಕ. ಜಾಣ ಕೆಲಸವೇ. ಆದರೆ ಅದಕ್ಕೆ ಗೊತ್ತಾಗುವುದು ಆ ಡಬ್ಬಿಯ ಮುಂದಿನ ಅಂಗೈಯಗಲದಷ್ಟೂ ಇಲ್ಲದ ಜಾಗ. ನಮ್ಮ ಜಿಟಿ ಜಿಟಿ ಮಳೆಯಲ್ಲಿ ನಿಮ್ಮ ಕಣ್ಣ ಮುಂದೆ ಗಾಜು ಮಸುಕಾಗಿರುತ್ತದೆ, ಅಲ್ಲಿ ಹನಿ ಬಿದ್ದೇ ಇರುವುದಿಲ್ಲ. ಇನ್ನೊಂದು ಸಲ ಆ ಜಾಗಕ್ಕೆ ಕೆಸರು ಸಿಡಿದರೆ ಒಣ ಗಾಜಿನ ಮೇಲೆ ಕರ್ರ್ ಕರ್ರ್ ಅಂತ ಉಜ್ಜುತ್ತಲೇ ಇರುತ್ತದೆ. ಕೊನೆಗೆ ಎಲ್ಲರೂ ಕೈಯಿಂದಲೇ ಹಾಕಿಕೊಳ್ಳುತ್ತಾರೆ. ವೈಪರ್ ಹಾಕಲು ಒಂದು ಬೆರಳು ಸಾಕು, ಅದಕ್ಕೆ ಇಷ್ಟು ಜಾಣತನ ಯಾಕೆ ಬೇಕಿತ್ತೋ.

ಈಗ ದೊಡ್ಡ ಹೆಸರಿಗೆ ಬರೋಣ. ಆಡಾಸ್, ಅಂದರೆ ಓಡಿಸುವವನಿಗೆ ಕಾರೇ ನೆರವಾಗುವ ವ್ಯವಸ್ಥೆ. ಎರಡು ಮೂರು ವರ್ಷದಿಂದ ಎಲ್ಲರ ಬಾಯಲ್ಲೂ ಅದೇ. ಗಾಜಿನ ಮೇಲ್ಭಾಗದಲ್ಲಿ ಕ್ಯಾಮೆರಾ, ಬಂಪರಿನಲ್ಲಿ ರೇಡಾರ್. ಮುಂದಿನ ಗಾಡಿ ಹತ್ತಿರ ಬಂದರೆ ತಾನೇ ಬ್ರೇಕ್ ಹಾಕುತ್ತದೆ, ಗೆರೆ ದಾಟಿದರೆ ತಾನೇ ಸ್ಟಿಯರಿಂಗ್ ಎಳೆಯುತ್ತದೆ. ಚೆನ್ನಾಗಿ ಬಣ್ಣ ಬಳಿದ ಆರು ಪಥದ ಹೆದ್ದಾರಿಯಲ್ಲಿ, ರಾತ್ರಿ ತೂಕಡಿಸುವ ಡ್ರೈವರಿಗೆ ಇದು ಜೀವ ಉಳಿಸುತ್ತದೆ. ನಾನು ಅದನ್ನು ಹಂಗಿಸುವುದಿಲ್ಲ. ಆದರೆ ಗೆರೆ ಹಿಡಿಯುವ ಕೆಲಸಕ್ಕೆ ಗೆರೆ ಬೇಕಲ್ಲ ಸ್ವಾಮಿ! ಮಂಡಗದ್ದೆ ದಾಟಿ ಒಳದಾರಿ ಹಿಡಿದ ಮೇಲೆ ಗೆರೆ ಎಲ್ಲಿದೆ? ರಸ್ತೆ ಎಲ್ಲಿ ಮುಗಿಯಿತು, ಚರಂಡಿ ಎಲ್ಲಿ ಶುರುವಾಯಿತು ಅನ್ನುವುದು ನಮಗೇ ಗೊತ್ತಾಗುವುದಿಲ್ಲ, ಕ್ಯಾಮೆರಾಕ್ಕೆ ಹೇಗೆ ಗೊತ್ತಾಗಬೇಕು? ಹಲವು ಕಾರುಗಳಲ್ಲಿ ಈ ಗೆರೆಯ ಸಹಾಯ 60 ಕಿ.ಮೀ. ವೇಗ ದಾಟಿದ ಮೇಲೇ ಎಚ್ಚರವಾಗುವುದು. ಆಗುಂಬೆ ಘಾಟಿಯ 14 ಹೇರ್‌ಪಿನ್ ತಿರುವಿನಲ್ಲಿ 60ರಲ್ಲಿ ಹೋಗುವವರಿಗೆ ಬೇಕಾದ ಸಹಾಯ ಬೇರೆಯೇ ಇದೆ ಬಿಡಿ.

ನನಗೆ ನಿಜವಾಗಿ ಕಿರಿಕಿರಿ ಮಾಡುವುದು ಇನ್ನೊಂದು. ಹುಲಿಕಲ್ ಕಡೆ ಒಂದು ಸಂಜೆ ಗಿರಾಕಿಯೊಬ್ಬರ ಕಾರಿನಲ್ಲಿ ಬರುತ್ತಿದ್ದೆ. ಮಳೆ ಮತ್ತು ಮಂಜು ಎರಡೂ ಒಟ್ಟಿಗೆ ಇಳಿದವು. ಬಾನೆಟ್ಟಿನ ತುದಿ ಕಾಣಿಸುತ್ತಿರಲಿಲ್ಲ. ಆಗ ಪರದೆಯ ಮೇಲೆ ಒಂದು ಸಂದೇಶ ಬಂತು. ಸೆನ್ಸರಿಗೆ ಏನೂ ಕಾಣುತ್ತಿಲ್ಲ, ಸದ್ಯಕ್ಕೆ ಸೌಲಭ್ಯ ಇಲ್ಲ ಅಂತ. ಅವರು ನನ್ನ ಮುಖ ನೋಡಿದರು. "ನನಗೂ ಕಾಣ್ತಾ ಇಲ್ಲ ಅಂತಾನೇ ಅಲ್ವಾ ಇದಕ್ಕೆ ದುಡ್ಡು ಕೊಟ್ಟಿದ್ದು?" ಅಂದರು. ಮೋಸ ಅಂತ ನಾನು ಹೇಳುವುದಿಲ್ಲ. ಕ್ಯಾಮೆರಾ ಅಂದರೆ ಅದೂ ಒಂದು ಕಣ್ಣು. ನಮ್ಮ ಕಣ್ಣಿಗೆ ಮಂಜು ಕವಿದ ದಿನವೇ ಅದರ ಕಣ್ಣಿಗೂ ಕವಿಯುತ್ತದೆ. ಹಿಂದಿನ ಕ್ಯಾಮೆರಾದ ಕಥೆಯೂ ಇದೇ. ಸಿಗಂದೂರಿಗೆ 2025ರ ಜುಲೈಯಲ್ಲಿ ಸೇತುವೆ ಆಗುವ ತನಕ ಹಿನ್ನೀರು ದಾಟುವ ಲಾಂಚಿಗೆ ಕಾರು ಹತ್ತಿಸುವಾಗ ನೋಡಿದ್ದೀರಲ್ಲ. ಲೆನ್ಸಿನ ಮೇಲೆ ಕೆಂಪು ಕೆಸರು, ಪರದೆಯ ಮೇಲೆ ಕೆಂಪು ಮೋಡ. ಕೊನೆಗೆ ಲಾಂಚಿನ ಹುಡುಗ ಕೈ ಬೀಸಿ "ಬನ್ನಿ, ಬನ್ನಿ, ಎಡಕ್ಕೆ ಹೊಡೀರಿ" ಅಂದದ್ದೇ ಗತಿ.

ಟಚ್ ಸ್ಕ್ರೀನಿನ ವಿಷಯದಲ್ಲಿ ಮಾತ್ರ ನನಗೆ ಸಿಟ್ಟಿದೆ. ಮೊದಲು ಎಸಿಗೆ ತಿರುಗಿಸುವ ಗುಂಡಿ ಇತ್ತು. ಕಣ್ಣು ರಸ್ತೆ ಮೇಲೆ, ಕೈ ಗುಂಡಿ ಮೇಲೆ. ಈಗ ಗುಂಡಿ ತೆಗೆದು ಎಲ್ಲವನ್ನೂ ಗಾಜಿನ ಹಲಗೆಯೊಳಗೆ ಹಾಕಿದ್ದಾರೆ. ಗಾಜಿಗೆ ಗುಳಿ ಇಲ್ಲ, ಉಬ್ಬು ಇಲ್ಲ, ನೋಡದೇ ಮುಟ್ಟುವ ಹಾಗಿಲ್ಲ. ಸ್ವೀಡನ್ನಿನ ಒಂದು ಕಾರು ಪತ್ರಿಕೆ 2022ರಲ್ಲಿ ಇದನ್ನು ಅಳೆದು ನೋಡಿತು. ಗಂಟೆಗೆ 110 ಕಿ.ಮೀ. ವೇಗದಲ್ಲಿ ಹೋಗುತ್ತಾ ಬಿಸಿ ಗಾಳಿ, ರೇಡಿಯೊ ಮುಂತಾದ ಸಣ್ಣಪುಟ್ಟ ಕೆಲಸ ಮಾಡಬೇಕು. ಗುಂಡಿಗಳಿದ್ದ 2005ರ ಹಳೇ ವೋಲ್ವೊದಲ್ಲಿ ಎಲ್ಲ ಮುಗಿಯಲು 10 ಸೆಕೆಂಡ್ ಸಾಕಾಯಿತು. ಎಲ್ಲಕ್ಕಿಂತ ಹಿಂದೆ ಬಿದ್ದ ಹೊಸ ಕಾರಿಗೆ ಸುಮಾರು 45 ಸೆಕೆಂಡ್ ಬೇಕಾಯಿತು. ಅಷ್ಟರಲ್ಲಿ ಕಾರು 1,300 ಮೀಟರ್ ದಾಟಿತ್ತು. ಯುರೋಪಿನಲ್ಲಿ ಕಾರುಗಳಿಗೆ ಸ್ಟಾರ್ ಕೊಡುವ ಯೂರೊ ಎನ್‌ಕ್ಯಾಪ್ ಸಂಸ್ಥೆಗೂ ಇದು ತಲೆಗೆ ಹೋಗಿದೆ. 2026ರಿಂದ ಇಂಡಿಕೇಟರ್, ವೈಪರ್, ಹಾರ್ನ್ ಇಂಥವಕ್ಕೆ ನಿಜವಾದ ಗುಂಡಿಯೋ ಕಡ್ಡಿಯೋ ಇಲ್ಲದಿದ್ದರೆ ಪೂರ್ತಿ ಅಂಕ ಇಲ್ಲ ಅಂತ ನಿಯಮ ಮಾಡಿಕೊಂಡಿದೆ.

ನಮ್ಮಲ್ಲಿ ಇದು ಯಾಕೆ ಮುಖ್ಯ ಅಂದರೆ, ಮಳೆಗಾಲದಲ್ಲಿ ನಾಲ್ಕು ಜನ ಒದ್ದೆ ಬಟ್ಟೆಯಲ್ಲಿ ಕಾರು ಹತ್ತುತ್ತಾರೆ. ಎರಡು ನಿಮಿಷಕ್ಕೆ ಗಾಜಿನ ಒಳಮೈಗೆ ಹಬೆ ಕೂರುತ್ತದೆ. ತಿರುವಿನಲ್ಲಿ ಬಸ್ಸು ಬರುತ್ತಿದೆ. ಆ ಹೊತ್ತಿಗೆ ಮೂರು ಪುಟ ದಾಟಿ ಎಸಿ ಹುಡುಕಬೇಕೇ? ಮಾತಿಗೆ ಬಂತು ಅಂತ ಹೇಳುತ್ತೇನೆ. ಹಬೆ ಕೂತಾಗ ಎಸಿ ಹಾಕಿ, ಗಾಳಿಯನ್ನು ಮುಂದಿನ ಗಾಜಿಗೆ ಬಿಡಿ, ಒಳಗಿನ ಗಾಳಿಯೇ ಸುತ್ತುವ ಗುಂಡಿ ತೆಗೆದು ಹೊರಗಿನ ಗಾಳಿ ಬರುವ ಹಾಗೆ ಮಾಡಿ. ಎಸಿ ಗಾಳಿಯಲ್ಲಿನ ತೇವ ತೆಗೆಯುತ್ತದೆ. ಬಟ್ಟೆಯಲ್ಲಿ ಒರೆಸುತ್ತಾ ಓಡಿಸಬೇಡಿ. ಮಂಜಿನಲ್ಲಿ ನಾಲ್ಕೂ ಇಂಡಿಕೇಟರ್ ಹಾಕಿಕೊಂಡು ಹೋಗುವುದೂ ಬೇಡ. ನೀವು ಎಡಕ್ಕೋ ಬಲಕ್ಕೋ ಅಂತ ಹಿಂದಿನವನಿಗೆ ತಿಳಿಯುವುದಿಲ್ಲ.

ವೈರ್‌ಲೆಸ್ ಚಾರ್ಜರ್, ಅರವತ್ನಾಲ್ಕು ಬಣ್ಣದ ದೀಪ, ಬಂಪರಿನ ಅಡಿ ಕಾಲು ಆಡಿಸಿದರೆ ತೆರೆಯುವ ಡಿಕ್ಕಿ, ಇವನ್ನೆಲ್ಲ ಬಿಟ್ಟುಬಿಡುತ್ತೇನೆ. ಘಾಟಿಯ ಮೂರನೇ ತಿರುವಿಗೇ ಫೋನು ಚಾರ್ಜರ್ ಬಿಟ್ಟು ಕಾಲಡಿ ಸೇರಿರುತ್ತದೆ.

ಕೀಲಿ ಹಾಕದೇ ಗುಂಡಿ ಒತ್ತಿ ಸ್ಟಾರ್ಟ್ ಮಾಡುವುದು ಒಂದಿದೆ. ಒಬ್ಬರು ಹೆಂಡತಿಯನ್ನು ತೀರ್ಥಹಳ್ಳಿ ಬಸ್ ಸ್ಟ್ಯಾಂಡಿನಲ್ಲಿ ಇಳಿಸಿ ಕೊಪ್ಪಕ್ಕೆ ಹೊರಟರು. ಎಂಜಿನ್ ಆರಿಸಿರಲಿಲ್ಲ. ಕೀಲಿ ಹೆಂಡತಿಯ ಬ್ಯಾಗಿನಲ್ಲಿತ್ತು. ಕಾರೇನೋ ಕುಂಯ್ ಅಂತ ಒಂದು ಸಲ ಕೂಗಿತಂತೆ, ಇವರು ಸೀಟ್ ಬೆಲ್ಟಿಗೆ ಅಂದುಕೊಂಡರು. ಹೀಗೆ ಕೀಲಿ ದೂರ ಹೋದರೂ ಓಡುತ್ತಿರುವ ಎಂಜಿನ್ ನಿಲ್ಲುವುದಿಲ್ಲ, ನಡುರಸ್ತೆಯಲ್ಲಿ ನಿಂತರೆ ಅಪಾಯ ಅಂತ. ಕೊಪ್ಪದಲ್ಲಿ ಕಾಫಿಗೆ ಅಂತ ಆರಿಸಿದರು. ಮುಗಿಯಿತು. ಹೆಂಡತಿ ಶಿವಮೊಗ್ಗದ ಬಸ್ಸಿನಲ್ಲಿದ್ದರು. ನನಗೆ ಫೋನ್ ಮಾಡಿ "ಏನಾದ್ರೂ ಮಾಡಿ" ಅಂದರು. ನಾನು ಏನು ಮಾಡಲಿ?

ಇನ್ನು ಸ್ಟೆಪ್ನಿ. ಇದು ಸೇರಿಸಿದ ಸೌಲಭ್ಯ ಅಲ್ಲ, ತೆಗೆದ ಸೌಲಭ್ಯ. ಆದರೆ ಬ್ರೋಷರಿನಲ್ಲಿ ಸೇರಿಸಿದ ಹಾಗೇ ಬರೆದಿರುತ್ತಾರೆ. ಟ್ಯೂಬ್‌ಲೆಸ್ ಟೈರಿದ್ದು, ಗಾಳಿ ಎಷ್ಟಿದೆ ಅಂತ ಹೇಳುವ ಸೆನ್ಸರು ಮತ್ತು ಪಂಕ್ಚರ್ ಕಿಟ್ ಕೊಟ್ಟರೆ ಸ್ಟೆಪ್ನಿ ಕೊಡದಿದ್ದರೂ ಆಗುತ್ತದೆ ಅಂತ 2020ರಲ್ಲಿ ಕೇಂದ್ರ ಸರ್ಕಾರ ನಿಯಮ ಬದಲಿಸಿತು. ಕಿಟ್ ಅಂದರೆ ಒಂದು ಬಾಟಲಿ ಅಂಟು, ಒಂದು ಪುಟ್ಟ ಪಂಪು. ಮೊಳೆ ಚುಚ್ಚಿದ ತೂತಿಗೆ ಅದು ಆಗುತ್ತದೆ, ಸುಳ್ಳಲ್ಲ. ಆದರೆ ನಮ್ಮ ಕಡೆ ಟೈರು ಹಾಳಾಗುವುದು ಮೊಳೆಯಿಂದ ಮಾತ್ರವೇ? ತೋಟದ ದಾರಿಯಲ್ಲಿ ನೀರು ಮಣ್ಣು ಕೊಚ್ಚಿಕೊಂಡು ಹೋಗಿ ಜಂಬಿಟ್ಟಿಗೆಯ ಅಂಚು ಕತ್ತಿ ಹಾಗೆ ಎದ್ದಿರುತ್ತದೆ. ಅದು ಟೈರಿನ ಪಕ್ಕವನ್ನು ಸೀಳುತ್ತದೆ. ಪಕ್ಕ ಸೀಳಿದರೆ ಅಂಟು ಸುರಿದರೂ ಅಷ್ಟೇ, ಗಂಜಿ ಸುರಿದರೂ ಅಷ್ಟೇ. ರಾತ್ರಿ ಒಂಬತ್ತು ಗಂಟೆ, ಫೋನಿಗೆ ಸಿಗ್ನಲ್ ಇಲ್ಲ, ಇಳಿದು ನಿಂತರೆ ಕಾಲಿಗೆ ಉಂಬಳ. ಆ ಹೊತ್ತಲ್ಲಿ ಡಿಕ್ಕಿಯಲ್ಲಿ ಒಂದು ಹಳೇ ಚಕ್ರ ಇದ್ದರೆ ಅದೇ ದೇವರು. ಕಂಪನಿ ಕೊಡದಿದ್ದರೆ ನೀವೇ ಒಂದು ತಗೊಂಡು ಇಟ್ಟುಕೊಳ್ಳಿ. ಜೊತೆಗೆ ಒಂದು ಕತ್ತಿಯನ್ನೂ ಇಡಿ, ಮರ ಬಿದ್ದಿರುತ್ತದೆ.

ಎಲ್ಲವನ್ನೂ ಬೈದೆ ಅಂದುಕೊಳ್ಳಬೇಡಿ. ನನ್ನ ಅಂದಾಜು ತಪ್ಪಿದ್ದೂ ಇದೆ. ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿಕೊಳ್ಳದಂತೆ ನೋಡಿಕೊಳ್ಳುವ ಎಬಿಎಸ್ ಬಂದ ಹೊಸದರಲ್ಲಿ "ಬ್ರೇಕ್ ಒತ್ತಿ ಬಿಟ್ಟು ಒತ್ತಿ ಬಿಟ್ಟು ಹಿಡಿಯೋಕೆ ನಮಗೇ ಬರುತ್ತೆ" ಅಂತ ನಗುತ್ತಿದ್ದೆ. ಬ್ರೇಕ್ ಪೆಡಲ್ ನಡುಗುತ್ತದೆ, ರಿಪೇರಿ ಮಾಡಿಕೊಡಿ ಅಂತ ಗಿರಾಕಿಗಳು ಬರುತ್ತಿದ್ದರು. ಆ ನಡುಕವೇ ಎಬಿಎಸ್ ಕೆಲಸ ಮಾಡುತ್ತಿರುವ ಗುರುತು. ಒದ್ದೆ ತರಗಿನ ಮೇಲೆ ಚಕ್ರ ಕಚ್ಚಿಕೊಂಡು ಜಾರುವುದನ್ನು ಅದು ತಡೆಯುವ ಹಾಗೆ ಯಾವ ಡ್ರೈವರಿನ ಕಾಲೂ ತಡೆಯುವುದಿಲ್ಲ. ಈಗ ಅದು ಎಲ್ಲ ಹೊಸ ಕಾರಿನಲ್ಲೂ ಕಡ್ಡಾಯ. ಏರಿನಲ್ಲಿ ಎರಡು ಮೂರು ಸೆಕೆಂಡ್ ಕಾರನ್ನು ಹಿಂದೆ ಜಾರದಂತೆ ಹಿಡಿಯುವ ಹಿಲ್ ಹೋಲ್ಡನ್ನೂ ಸೋಮಾರಿಗಳಿಗೆ ಅಂದಿದ್ದೆ. ನನ್ನ ಮಗಳು ಡ್ರೈವಿಂಗ್ ಕಲಿಯುವಾಗ ಆ ಮಾತು ವಾಪಸ್ ತಗೊಂಡೆ.

ಹಾಗಾದರೆ ನೀವು ಯಾವುದು ತಗೊಂಡಿರಿ ಅಂತ ಕೇಳುತ್ತೀರಿ. ಹೋದ ವರ್ಷ ನಾನೂ ಒಂದು ಹೊಸ ಕಾರು ತಗೊಂಡೆ. ನನಗೆ ಬೇಕಿದ್ದದ್ದು ಎರಡೇ. ಹಿಂದಿನ ಗಾಜಿಗೆ ವೈಪರು, ಅದೇ ಗಾಜಿನ ಹಬೆ ತೆಗೆಯುವ ತಂತಿ. ಹಿಂದೆ ನೆಟ್ಟಗೆ ಕತ್ತರಿಸಿದ ಹಾಗಿರುವ ಕಾರುಗಳಿಗೆ ಚಕ್ರ ಎತ್ತಿದ ಕೆಸರೆಲ್ಲ ಹಿಂದಿನ ಗಾಜಿಗೇ ಬಂದು ಕೂರುತ್ತದೆ. ಇದಿಲ್ಲದಿದ್ದರೆ ನಾಲ್ಕು ತಿಂಗಳು ಹಿಂದೆ ಏನೂ ಕಾಣುವುದಿಲ್ಲ. ಕೆಳಗಿನ ವೇರಿಯಂಟ್ ನೋಡಿದೆ, ಎರಡೂ ಇರಲಿಲ್ಲ. ಅದರ ಮೇಲಿನದು ನೋಡಿದೆ, ತಂತಿ ಇತ್ತು, ವೈಪರ್ ಇರಲಿಲ್ಲ. ಎರಡೂ ಬೇಕು ಅಂದರೆ ಇನ್ನೂ ಒಂದು ಮೆಟ್ಟಿಲು ಹತ್ತಬೇಕು ಅಂದರು. ಒಂದು ಲಕ್ಷದ ಮೇಲೆ ಜಾಸ್ತಿ. ನೂರು ರೂಪಾಯಿಯ ರಬ್ಬರ್ ಪಟ್ಟಿಗೆ ಒಂದು ಲಕ್ಷವೇ ಅಂತ ಕೇಳಿದೆ. ಸೇಲ್ಸ್ ಹುಡುಗ ನಕ್ಕು, "ಅದರಲ್ಲಿ ಸನ್‌ರೂಫೂ ಬರುತ್ತೆ ಅಂಕಲ್" ಅಂದ.

ಹೊರಗೆ ಬೇವಿನ ಮರದ ಕೆಳಗೆ ನಿಂತಿರುವ ಬೂದು ಬಣ್ಣದ್ದೇ ನನ್ನ ಕಾರು. ಮೇ ಮುಗಿಯುತ್ತಾ ಬಂತು, ಪೈಪು ಇನ್ನೂ ಕ್ಲೀನ್ ಮಾಡಿಲ್ಲ. ನಮಸ್ಕಾರ.