ಚೋಣಕ್ (ಏಷ್ಯನ್ ಸೀಬಾಸ್ ಮೀನು) ಹಿಡಿಯೋ ಬೋಟಿಗೆ 40 ಎಚ್‌ಪಿ ಸಾಕಾ, 60 ಬೇಕಾ? ಮೊದಲು ಪ್ರೊಪೆಲ್ಲರ್ ನೋಡಿ

[ಸ್ಕ್ರೀನ್ ಮೇಲೆ: ವೀಕ್ಷಕರ ಪ್ರಶ್ನೆ]

"ವಾಸ್ಕೋದಲ್ಲಿದ್ದೇನೆ ಸರ್. 15 ಅಡಿ ಫೈಬರ್ ಬೋಟ್ ಮಾಡಿಸ್ತಿದ್ದೇನೆ. ಬಲೆ ಇಲ್ಲ, ಗಾಳ ಮಾತ್ರ. ಅಮೆರಿಕದ ಬಾಸ್ ಬೋಟ್ ಥರ ಬೇಕು. 40 ಎಚ್‌ಪಿ ಸಾಕಾ, 60 ಹಾಕಿಸಲಾ?"

ನಮಸ್ಕಾರ. ಇದೇ ಪ್ರಶ್ನೆ ಪಣಜಿ, ಮಡಗಾಂವ್, ಕಾರವಾರದಿಂದಲೂ ಬಂದಿದೆ. ಎಲ್ಲರೂ ಎಚ್‌ಪಿ ಕೇಳ್ತಾರೆ, ಪ್ರೊಪೆಲ್ಲರ್ ಬಗ್ಗೆ ಯಾರೂ ಕೇಳಲ್ಲ. ಹಾಗಾಗಿ ಇವತ್ತು ಅದನ್ನೇ ಸ್ವಲ್ಪ ಜಾಸ್ತಿ ಎಳೀತೀನಿ.

ಬಾಸ್ ಬೋಟ್ ಗೊತ್ತಲ್ಲ, ಬಾಸ್ ಅನ್ನೋ ಮೀನಿಗೆ ಗಾಳ ಹಾಕೋ ಬೋಟ್: ತಗ್ಗಿನ ಅಂಚು, ನಿಂತು ಗಾಳ ಬೀಸೋಕೆ ಸಪಾಟು ಡೆಕ್, ಮುಂತುದೀಲಿ ಸದ್ದಿಲ್ಲದ ಎಲೆಕ್ಟ್ರಿಕ್ ಮೋಟರ್, ಹಿಂದೆ ದೈತ್ಯ ಔಟ್‌ಬೋರ್ಡ್, ಅಂದ್ರೆ ಹೊರಗೆ ನೇತುಹಾಕೋ ಇಂಜಿನ್. 1948ರಲ್ಲಿ ಲೂಸಿಯಾನಾದ ಹೋಮ್ಸ್ ಥರ್ಮಂಡ್ ಕಟ್ಟಿದ ಸ್ಕೀಟರ್‌ನಿಂದ ಈ ವಂಶ ಶುರು. ಈಗಿನವು 18ರಿಂದ 21 ಅಡಿ, 150ರಿಂದ 250 ಎಚ್‌ಪಿ. ಅಷ್ಟೊಂದು ಯಾಕೆ? ಅಲ್ಲಿ ಟೂರ್ನಮೆಂಟ್ ನಡೆಯುತ್ತೆ. ಜಲಾಶಯ ದೊಡ್ಡದು, ಒಳ್ಳೆ ಜಾಗಕ್ಕೆ ಮೊದಲು ಮುಟ್ಟಿದವನಿಗೆ ಲಾಭ. ಮಾಂಡವೀಲಿ ನೀವು ಯಾರ ಜೊತೆ ರೇಸ್ ಮಾಡ್ತೀರಿ? ಬೇತಿ ಫೆರ್ರಿ ಜೊತೆನಾ?

ಇಲ್ಲಿ ಚೋಣಕ್ ಸಿಗೋದು ಕಾಂಡ್ಲಾ (ಮ್ಯಾಂಗ್ರೋವ್) ಬೇರುಗಳ ಅಂಚಲ್ಲಿ, ಖಾಜನ್, ಅಂದ್ರೆ ಒಡ್ಡು ಕಟ್ಟಿ ಉಪ್ಪುನೀರು ತಡೆದ ಗದ್ದೆಗಳ ತೂಬಿನ ಬಾಯಲ್ಲಿ, ಸೇತುವೆ ಕಂಬಗಳ ಹತ್ತಿರ. ನೀರು ಆಳ ಇಲ್ಲ, ಉಪ್ಪು, ಉಬ್ಬರ ಇಳಿತದ ಸೆಳೆತ ಬೇರೆ. ಅಮೆರಿಕದ ಬಾಸ್ ಬೋಟ್ ಸಿಹಿನೀರಿಗೆ ಹುಟ್ಟಿದ್ದು. ಅದರಿಂದ ನಾವು ತಗೋಬೇಕಾದ್ದು ಡೆಕ್ಕು ಮತ್ತು ಮುಂದಿನ ಮೋಟರ್. ಹಿಂದಿನ ದೈತ್ಯ ಬೇಡ.

[ಗ್ರಾಫಿಕ್: ಎಚ್‌ಪಿ ಲೆಕ್ಕ]

ಮೊದಲು ಮಿತಿ ನೋಡೋಣ. ಅಮೆರಿಕದ ಕೋಸ್ಟ್ ಗಾರ್ಡ್ 20 ಅಡಿಗಿಂತ ಚಿಕ್ಕ ಬೋಟುಗಳಿಗೆ ಒಂದು ಸೂತ್ರ ಇಟ್ಟಿದೆ. ಬೋಟಿನ ಉದ್ದವನ್ನು ಇಂಜಿನ್ ಕೂರೋ ಹಲಗೆಯ, ಅಂದ್ರೆ ಟ್ರಾನ್ಸಮ್ಮಿನ, ಅಗಲದಿಂದ ಗುಣಿಸಿ, ಅಡಿ ಲೆಕ್ಕದಲ್ಲಿ. 15 ಅಡಿ ಉದ್ದ, 5 ಅಡಿ ಅಗಲ: 75. ಸ್ಟೀರಿಂಗ್ ಚಕ್ರ ಇದ್ದು ಟ್ರಾನ್ಸಮ್ 20 ಇಂಚಾದರೂ ಎತ್ತರ ಇದ್ದರೆ 75ರ ಎರಡು ಪಟ್ಟಿನಲ್ಲಿ 90 ಕಳೀಬೇಕು. ಉತ್ತರ 60 ಎಚ್‌ಪಿ. ಅದೇ ಬೋಟನ್ನು ಇಂಜಿನ್ನಿನ ಹಿಡಿಕೆ ಹಿಡಿದೇ ಓಡಿಸ್ತೀರಾ? ಮಿತಿ 35ಕ್ಕೆ ಇಳಿಯುತ್ತೆ. ತಳ ಚಪ್ಪಟೆಯಾಗಿದ್ದರೆ 25! ಬೋಟ್ ಒಂದೇ, ಕೂತು ತಿರುಗಿಸೋ ರೀತಿ ಬದಲಾದರೆ ಮಿತಿ ಹೆಚ್ಚುಕಮ್ಮಿ ಅರ್ಧಕ್ಕೆ. ಕಾರಣ ಸರಳ. ಹಿಡಿಕೆ ಹಿಡಿದವನು ಹಿಂಬದೀಲಿ ಕೂರ್ತಾನೆ, ಭಾರವೆಲ್ಲ ಒಂದೇ ಕಡೆ ಸೇರುತ್ತೆ, ಜೋರಾಗಿ ಹೋಗ್ವಾಗ ಕೈ ಜಾರಿದರೆ ಬೋಟ್ ಗಿರಕಿ ಹೊಡೆದು ಅವನನ್ನು ನೀರಿಗೆ ಎಸೆಯುತ್ತೆ. ಇದು ಅಲ್ಲಿನ ನಿಯಮ, ಇಲ್ಲಿನ ಕಾನೂನಲ್ಲ. ಆದರೆ ಇಲ್ಲಿ ಮಾಡಿಸಿದ ಬೋಟ್ ಮೇಲೆ ಯಾರೂ ಮಿತಿಯ ಫಲಕ ಹೊಡೆದು ಕೊಡಲ್ಲ, ಆದ್ದರಿಂದ ನೀವೇ ಲೆಕ್ಕ ಹಾಕ್ಕೊಳ್ಳಿ.

ಇನ್ನು ತೂಕ. ಬೋಟು, ಇಂಜಿನ್, ಮೂರು ಜನ, ಪೆಟ್ರೋಲ್, ಬ್ಯಾಟರಿ, ಐಸ್ ಪೆಟ್ಟಿಗೆ ಸೇರಿ 650 ಕಿಲೋ ಅಂದ್ಕೊಳ್ಳಿ. ಬೋಟ್ ನೀರಿನ ಮೇಲೆದ್ದು ಓಡಬೇಕಾದರೆ ಒಂದು ಎಚ್‌ಪಿಗೆ 11ರಿಂದ 18 ಕಿಲೋ ಒಳಗಿರಬೇಕು. 40ಕ್ಕೆ 16 ಕಿಲೋ, 60ಕ್ಕೆ 11. ಎರಡೂ ನಡೆಯುತ್ತೆ. ಆದರೂ ನನ್ನ ಮತ 40ಕ್ಕೆ. ಫೋರ್‌ಸ್ಟ್ರೋಕ್ 40 ಅಂದ್ರೇನೇ ನೂರು ಕಿಲೋ ಹತ್ತಿರ. ಹಳೇ ಟೂಸ್ಟ್ರೋಕ್ 40 ಎಪ್ಪತ್ತರ ಆಸುಪಾಸು ಇರ್ತಿತ್ತು. ಹಿಂಬದಿ ಭಾರ ಹೆಚ್ಚಾದಷ್ಟೂ ನಿಂತ ಬೋಟಿನ ಹಿಂತುದಿ ನೀರಿಗೆ ಇಳಿಯುತ್ತೆ, ಅಲೆ ಒಳಗೆ ನುಗ್ಗುತ್ತೆ. ಪೂರ್ತಿ ಥ್ರಾಟಲ್‌ನಲ್ಲಿ 40 ಎಚ್‌ಪಿ ಗಂಟೆಗೆ ಸುಮಾರು 15 ಲೀಟರ್ ಕುಡಿಯುತ್ತೆ ಅನ್ನೋದೂ ನೆನಪಿರಲಿ.

[ಕ್ಲೋಸಪ್: ಪ್ರೊಪೆಲ್ಲರ್ ಮೇಲಿನ ಅಂಕಿ]

ಈಗ ನನ್ನ ಇಷ್ಟದ ವಿಷಯ. ಪ್ರೊಪೆಲ್ಲರ್ ಮೇಲೆ ಎರಡು ಅಂಕಿ ಇರುತ್ತೆ. ಮೊದಲನೆಯದು ವ್ಯಾಸ, ಅದನ್ನ ಬಿಡಿ. ಎರಡನೆಯದು ಪಿಚ್: ಜಾರದೆ ಒಂದು ಸುತ್ತು ತಿರುಗಿದರೆ ಬೋಟ್ ಎಷ್ಟು ಇಂಚು ಮುಂದೆ ಹೋಗುತ್ತೆ ಅನ್ನೋದು. ಎಲ್ಲ ಇರೋದು ಇದರಲ್ಲೇ.

ಪಿಚ್ ಹೆಚ್ಚಿದ್ದರೆ ಸ್ಪೀಡ್ ಹೆಚ್ಚು ಅಂತ ಅಂಗಡಿಯವರು 13 ಕೊಡ್ತಾರೆ. ಒಬ್ಬನೇ ಕೂತು, ಅರ್ಧ ಟ್ಯಾಂಕಲ್ಲಿ ಟ್ರಯಲ್ ಕೊಡಿಸ್ತಾರೆ, ಬೋಟ್ ಹಾರುತ್ತೆ, ಎಲ್ಲರೂ ಚಪ್ಪಾಳೆ. ಭಾನುವಾರ ಮೂರು ಜನ, ಐಸ್ ಪೆಟ್ಟಿಗೆ, ಬಿಯರ್... ಕ್ಷಮಿಸಿ, ಕೋಕಮ್ ಸೋಡಾ ಸಮೇತ ಹೊರಟರೆ ಅದೇ ಇಂಜಿನ್ 4,900 ಆರ್‌ಪಿಎಂ, ಅಂದ್ರೆ ನಿಮಿಷಕ್ಕೆ ಅಷ್ಟು ಸುತ್ತು, ದಾಟಲ್ಲ. ಮ್ಯಾನುಯಲ್ ತೆಗೆದು ನೋಡಿ: ಈ ವರ್ಗದ ಇಂಜಿನ್ನುಗಳಿಗೆ ಪೂರ್ತಿ ಥ್ರಾಟಲ್‌ನಲ್ಲಿ 5,000ದಿಂದ 6,000 ಅಂತ ಬರೆದಿರುತ್ತೆ. ಅನಮೋಡ ಘಾಟನ್ನು ಲೋಡಾದ ಲಾರಿ ಟಾಪ್ ಗೇರಲ್ಲೇ ಹತ್ತೋಕೆ ಹೋದ ಹಾಗೆ: ಥ್ರಾಟಲ್ ಪೂರ್ತಿ, ಸುತ್ತು ಕಡಿಮೆ, ಇಂಜಿನ್ ಒಳಗೆ ಶಾಖ, ಇಂಗಾಲ, ನಾಕಿಂಗ್. ಹೀಗೆ ಸಾಯೋ ಪಿಸ್ಟನ್ನಿಗೆ "ಕಂಪನಿ ಸರಿ ಇಲ್ಲ" ಅಂತ ಹೆಸರು ಬರುತ್ತೆ.

ಲಾರಿಗಾದರೆ ಗೇರ್ ಬದಲಾಯಿಸಬಹುದು. ಬೋಟಿಗೆ ಮುಂದೆ ಹೋಗೋಕೆ ಇರೋದು ಒಂದೇ ಗೇರು, ಅದು ಈ ಪಿಚ್. ಪಿಚ್ ಒಂದು ಇಂಚು ಇಳಿಸಿದರೆ ಸುಮಾರು 150ರಿಂದ 200 ಆರ್‌ಪಿಎಂ ಏರುತ್ತೆ. 13 ತೆಗೆದು 10 ಹಾಕಿದರೆ 4,900 ಇದ್ದದ್ದು 5,350ರಿಂದ 5,500. ತುಂಬಾ ಇಳಿಸಬೇಡಿ, ಆಗ ಖಾಲಿ ಬೋಟಲ್ಲಿ ಇಂಜಿನ್ 6,000 ದಾಟಿ, ಸುತ್ತು ತಡೆಯೋ ಲಿಮಿಟರಿಗೆ ಹೊಡೆಯುತ್ತೆ. ಟ್ರಯಲ್ ಯಾವಾಗಲೂ ಪೂರ್ತಿ ಲೋಡಲ್ಲಿ. ಅಂಗಡಿಯವರು ನಗಲಿ, ಮೂರು ಜನ ಹತ್ತಿ.

[ಗ್ರಾಫಿಕ್: ಸ್ಲಿಪ್]

ಇನ್ನೊಂದು ಲೆಕ್ಕ ಸ್ಲಿಪ್, ಅಂದ್ರೆ ಪ್ರೊಪೆಲ್ಲರ್ ನೀರಲ್ಲಿ ಎಷ್ಟು ಜಾರುತ್ತೆ ಅನ್ನೋದು. ಫೋನಿನ ಜಿಪಿಎಸ್ ಸಾಕು. 11 ಇಂಚಿನ ಪಿಚ್, 5,500 ಆರ್‌ಪಿಎಂ, ಗೇರ್ ಅನುಪಾತ 2 ಅಂದ್ಕೊಳ್ಳಿ. ಪ್ರೊಪೆಲ್ಲರ್ ತಿರುಗೋದು ನಿಮಿಷಕ್ಕೆ 2,750 ಸುತ್ತು. ಒಂದು ಸುತ್ತಿಗೆ 28 ಸೆಂಟಿಮೀಟರ್ ಹತ್ತಿರ. ಲೆಕ್ಕದ ವೇಗ ಗಂಟೆಗೆ 46 ಕಿಲೋಮೀಟರ್. ಜಿಪಿಎಸ್ 38 ತೋರಿಸಿದರೆ ಸುಮಾರು 18 ಪರ್ಸೆಂಟ್ ನೀರಲ್ಲಿ ಜಾರಿಹೋಯ್ತು. 10ರಿಂದ 20 ಸಹಜ. 30 ಬಂತಾ? ಮೂರು ಅನುಮಾನ: ಎಲೆ ಬಾಗಿದೆ, ಒಳಗಿನ ರಬ್ಬರ್ ಹಬ್ ಜಾರ್ತಿದೆ, ಇಲ್ಲ ಇಂಜಿನ್ ಎತ್ತರದಲ್ಲಿ ಕೂತು ಗಾಳಿ ಎಳೀತಿದೆ.

ಸ್ಟೀಲಾ, ಅಲ್ಯೂಮಿನಿಯಮ್ಮಾ? ಸ್ಟೀಲ್ ಚಂದ. ಆದರೆ ಜುವಾರಿಯ ಕಲ್ಲಿಗೆ ಬಡಿದಾಗ ಅಲ್ಯೂಮಿನಿಯಂ ತಾನು ಬಾಗಿ ಗೇರ್‌ಕೇಸ್ ಉಳಿಸುತ್ತೆ, ಸ್ಟೀಲು ಏಟನ್ನು ಒಳಗೆ ದಾಟಿಸುತ್ತೆ. ಅಲ್ಯೂಮಿನಿಯಂ ಎರಡು ತಗೊಳ್ಳಿ. ಬೋಟಲ್ಲಿ ಸ್ಪೇರ್ ಜೊತೆ ನಟ್ಟು, ಕಾಟರ್ ಪಿನ್, ಸ್ಪ್ಯಾನರ್, ಇಕ್ಕಳ ಇರಲಿ. ಸ್ಪೇರ್ ಇದ್ದು ಸ್ಪ್ಯಾನರ್ ಇಲ್ಲದಿದ್ದರೆ ಅದು ಬರೀ ಭಾರ.

ಎತ್ತರ: ಶಾಫ್ಟ್, ಅಂದ್ರೆ ಇಂಜಿನ್ನಿನ ಕೆಳಗಿಳಿಯೋ ಕಾಲು, 15 ಇಂಚು ಶಾರ್ಟ್, 20 ಲಾಂಗ್, 25 ಎಕ್ಸ್‌ಟ್ರಾ ಲಾಂಗ್. ಬೋಟ್ ಕಟ್ಟೋವ್ರಿಗೆ ಟ್ರಾನ್ಸಮ್ 20 ಇಂಚು ಅಂತ ಮೊದಲೇ ಹೇಳಿ, ಲಾಂಗ್ ಶಾಫ್ಟ್ ತಗೊಳ್ಳಿ. ಪ್ರೊಪೆಲ್ಲರ್ ಮೇಲಿನ ಚಪ್ಪಟೆ ತಟ್ಟೆ ಬೋಟಿನ ತಳದ ಸಮಕ್ಕೆ, ಹೆಚ್ಚೆಂದರೆ ಒಂದು ಇಂಚು ಮೇಲೆ ಬರಬೇಕು. ಕೆಳಗಿದ್ದರೆ ಕೆಸರು ಕಚ್ಚುತ್ತೆ. ಮೇಲಿದ್ದರೆ ತಿರುವಿನಲ್ಲಿ ಇಂಜಿನ್ ಕಿರುಚುತ್ತೆ, ಬೋಟ್ ಮುಂದೆ ಹೋಗಲ್ಲ.

ಹಾಗಾಗಿ ವಾಸ್ಕೋದವರೇ, ನಿಮಗೆ 40 ಫೋರ್‌ಸ್ಟ್ರೋಕ್, ಲಾಂಗ್ ಶಾಫ್ಟ್, ಸ್ಟೀರಿಂಗ್ ಚಕ್ರ, 11 ಪಿಚ್ಚಿನಿಂದ ಶುರು, ಕೈಯಲ್ಲಿ 10. ಉಳಿದ ದುಡ್ಡು ಮುಂದಿನ ಮೋಟರಿಗೆ.

[ಕಟ್: ಮುಂತುದಿಯ ಎಲೆಕ್ಟ್ರಿಕ್ ಮೋಟರ್]

ಅಮೆರಿಕದ ಫಾರ್ಗೋ ಊರಿನ ಒ.ಜಿ. ಸ್ಮಿಟ್ 1934ರಲ್ಲಿ ಹುಟ್ಟುಹಾಕಿದ ಈ ಟ್ರೋಲಿಂಗ್ ಮೋಟರೇ ಬಾಸ್ ಬೋಟಿನ ಜೀವ. ಬೋಟಿನ ಪ್ರತಿ 45 ಕಿಲೋ ತೂಕಕ್ಕೆ 2 ಪೌಂಡ್ ಥ್ರಸ್ಟ್ (ತಳ್ಳೋ ಬಲ) ಲೆಕ್ಕ. 650 ಕಿಲೋಗೆ 29 ಪೌಂಡ್ ಸಾಕು ಅನ್ಸುತ್ತೆ, ಆದರೆ ಅದು ನಿಂತ ಕೆರೆಗೆ. ಇಲ್ಲಿ ಹುಣ್ಣಿಮೆ ಅಮಾವಾಸ್ಯೆಗೆ ನೀರು ಎರಡು ಮೀಟರ್ ಆಸುಪಾಸು ಏರಿಳಿಯುತ್ತೆ, ಸೆಳೆತದ ವಿರುದ್ಧ ನಿಲ್ಲಬೇಕು. 55 ಪೌಂಡಿಗಿಂತ ಕಡಿಮೆ ಬೇಡ, ಉಪ್ಪುನೀರಿನ ಮಾಡೆಲ್ಲೇ ಇರಲಿ. ಡೆಕ್‌ನಿಂದ ನೀರಿಗೆ 18 ಇಂಚಿದ್ದರೆ 48 ಇಂಚಿನ ಶಾಫ್ಟ್.

55 ಪೌಂಡಿನ ಮೋಟರ್ 12 ವೋಲ್ಟಲ್ಲಿ ಪೂರ್ತಿ ತಿರುಗಿದರೆ 50 ಆಂಪಿಯರ್ ಎಳೆಯುತ್ತೆ. ಎಲ್ಲರೂ ಎಡವೋದು ತಂತೀಲಿ. ಬ್ಯಾಟರಿ ಹಿಂದೆ, ಮೋಟರ್ ಮುಂದೆ, ಹೋಗಿಬರೋ ತಂತಿ ಹತ್ತು ಮೀಟರ್. ಕಾರಿನ 6 ಚದರ ಮಿಲಿಮೀಟರ್ ತಂತಿ ಹಾಕಿದರೆ ದಾರೀಲೇ ಸುಮಾರು ಒಂದೂವರೆ ವೋಲ್ಟ್ ಹೋಗುತ್ತೆ, 70 ವ್ಯಾಟ್ ಬರೀ ಬಿಸಿ. 16 ಹಾಕಿ, ಕೈಗೂಡಿದರೆ 25. ತವರ ಲೇಪಿಸಿದ ತಾಮ್ರವೇ ಬೇಕು, ಬರೀ ತಾಮ್ರ ಉಪ್ಪುಗಾಳಿಗೆ ಒಳಗೊಳಗೇ ಹಸಿರಾಗುತ್ತೆ. ಬ್ಯಾಟರಿ ಪಕ್ಕದಲ್ಲೇ 60 ಆಂಪಿಯರ್ ಬ್ರೇಕರ್.

100 ಆಂಪಿಯರ್-ಅವರ್ ಸೀಸದ ಬ್ಯಾಟರೀಲಿ ಬಾಳಿಕೆ ಉಳಿಸಿಕೊಂಡು ಬಳಸೋಕಾಗೋದು ಅರ್ಧ. ಪೂರ್ತಿ ವೇಗದಲ್ಲಿ ಒಂದು ಗಂಟೆಯೂ ಇಲ್ಲ. ಅದೇ ಅಳತೆಯ ಲಿಥಿಯಂ ಐರನ್ ಫಾಸ್ಫೇಟ್ ತೂಕ ಅರ್ಧಕ್ಕಿಂತ ಕಡಿಮೆ, ಬಹುಪಾಲು ಬಳಸಬಹುದು. ಇಲ್ಲಿ ಖರ್ಚು ಮಾಡಿ ಅಂತೀನಿ.

[ಎಡಿಟರ್ ಗಡಿಯಾರ ತೋರಿಸ್ತಾರೆ]

ಆಯ್ತು, ಉಳಿದದ್ದು ಓಡ್ತಾ ಹೇಳ್ತೀನಿ. ಫಿಶ್‌ಫೈಂಡರ್: ಮೂರು ಮೀಟರ್ ಆಳದಲ್ಲಿ 20 ಡಿಗ್ರಿಯ ಕಿರಣ ಕೆಳಗೆ ನೋಡೋದು ಒಂದು ಮೀಟರ್ ಅಗಲ ಅಷ್ಟೇ, ದೊಡ್ಡ ಸ್ಕ್ರೀನ್ ಬಿಟ್ಟು ಅಕ್ಕಪಕ್ಕ ನೋಡೋ ಸೈಡ್ ಸ್ಕ್ಯಾನ್ ತಗೊಳ್ಳಿ. ಅದಕ್ಕೆ ಬೇರೆ ಪುಟ್ಟ ಬ್ಯಾಟರಿ ಕೊಡಿ, ಟ್ರೋಲಿಂಗ್ ಮೋಟರಿನದಕ್ಕೆ ಸೇರಿಸಿದರೆ ಸ್ಕ್ರೀನ್ ತುಂಬ ಗೆರೆ. ಆನೋಡ್, ಅಂದ್ರೆ ತಾನು ಸವೆದು ಇಂಜಿನ್ ಉಳಿಸೋ ಲೋಹದ ತುಂಡು: ಮೆಗ್ನೀಷಿಯಂ ಉಪ್ಪುನೀರಲ್ಲಿ ಬೇಗ ಕರಗಿಹೋಗುತ್ತೆ, ಸತು ಮಳೆಗಾಲದ ಸಿಹಿನೀರಲ್ಲಿ ಪೊರೆ ಕಟ್ಟಿ ಸುಮ್ಮನಾಗುತ್ತೆ. ನಮ್ಮ ನದಿಗಳು ಎರಡೂ ಆಗೋದರಿಂದ ಅಲ್ಯೂಮಿನಿಯಂ. ಅರ್ಧ ಸವೆದರೆ ಬದಲಾಯಿಸಿ, ಅದರ ಮೇಲೆ ಪೇಂಟ್ ಬಳೀಬೇಡಿ. ಪೆಟ್ರೋಲ್: ಬಹುತೇಕ ಔಟ್‌ಬೋರ್ಡ್ ಮ್ಯಾನುಯಲ್‌ಗಳ ಮಿತಿ ಇ10, ಅಂದ್ರೆ 10 ಪರ್ಸೆಂಟ್ ಎಥನಾಲ್; ಬಂಕಲ್ಲಿ ಸಿಗೋದು ಇ20. ಖರೀದಿಗೆ ಮುಂಚೆ ಡೀಲರ್ ಹತ್ತಿರ ಬರಹದಲ್ಲಿ ಉತ್ತರ ತಗೊಳ್ಳಿ. ಎಥನಾಲ್ ನೀರು ಹೀರುತ್ತೆ, ಆದ್ದರಿಂದ ನೀರು ಬೇರ್ಪಡಿಸೋ 10 ಮೈಕ್ರಾನ್ ಫಿಲ್ಟರ್ ಕಡ್ಡಾಯ. ವಾರಗಟ್ಟಲೆ ಟ್ಯಾಂಕಲ್ಲಿ ಬಿಡಬೇಡಿ. ಪ್ರತಿ ಸಲ ಬಂದ ಮೇಲೆ ಹತ್ತು ನಿಮಿಷ ಸಿಹಿನೀರಿನ ಫ್ಲಶ್, ವರ್ಷಕ್ಕೊಮ್ಮೆ ಇಂಪೆಲ್ಲರ್ (ಇಂಜಿನ್ ತಂಪು ಮಾಡೋ ನೀರಿನ ಪಂಪಿನ ರಬ್ಬರ್ ಚಕ್ರ) ಬದಲಾಯಿಸಿ. ಬಿದ್ದರೆ ಇಂಜಿನ್ ನಿಲ್ಲಿಸೋ ಕಿಲ್ ಸ್ವಿಚ್ ದಾರ ಕೈಗೋ ಲೈಫ್ ಜಾಕೆಟಿಗೋ ಸಿಕ್ಕಿಸಿ. ಕುಂಭಾರ್ಜುವಾ ಕಾಲುವೆಗೆ ಹೋಗೋರಿಗೆ ವಿಶೇಷವಾಗಿ, ಅಲ್ಲಿ ಮೊಸಳೆ ಇದೆ.

ಕಾಗದ: ಇನ್‌ಲ್ಯಾಂಡ್ ವೆಸೆಲ್ಸ್ ಆಕ್ಟ್ 2021 ಜಾರೀಲಿದೆ, ಗೋವಾದಲ್ಲಿ ನೋಂದಣಿಗೆ ಪಣಜಿಯ ಕ್ಯಾಪ್ಟನ್ ಆಫ್ ಪೋರ್ಟ್ಸ್ ಕಚೇರಿ. ಅಚ್ಚಿಗೆ ಫೈಬರ್ ಹಾಕಿಸೋ ಮೊದಲೇ ಅಲ್ಲಿಗೊಮ್ಮೆ ಹೋಗಿ ಕೇಳಿ. ಇಂಜಿನ್ ಬಿಲ್ಲಿನಲ್ಲಿರೋ ಸೀರಿಯಲ್ ನಂಬರ್ ಇಂಜಿನ್ ಮೇಲಿರೋದಕ್ಕೆ ಸರಿಹೊಂದುತ್ತಾ ಅಂತ ದುಡ್ಡು ಕೊಡೋ ಮೊದಲೇ ನೋಡ್ಕೊಳ್ಳಿ.