ಮೂರು ರಿಪೋರ್ಟು, ಮೂರು ತಾರೀಖು

ಕೇಳುಗರಿಗೆ ನಮಸ್ಕಾರ. ಕುಬುಸ ಮುಗಿಸಿ ತವರಿಗೆ ಬಂದ ಗರ್ಭಿಣಿಯ ಚೀಲದಲ್ಲಿ ಎಷ್ಟೋ ಸಲ ಮೂರು ಸ್ಕ್ಯಾನ್ ರಿಪೋರ್ಟ್ ಇರುತ್ತವೆ, ಮೂರರಲ್ಲೂ ಬೇರೆ ಬೇರೆ ಹೆರಿಗೆ ತಾರೀಖು. ಯಾವುದು ಖರೆ? ಎಲ್ಲಕ್ಕಿಂತ ಮೊದಲು ಮಾಡಿಸಿದ್ದು.

ಮೊದಲ ಮೂರು ತಿಂಗಳು ಎಲ್ಲ ಕೂಸುಗಳೂ ಹೆಚ್ಚುಕಡಿಮೆ ಒಂದೇ ವೇಗದಲ್ಲಿ ಬೆಳೆಯುತ್ತವೆ. ಆಗ ನೆತ್ತಿಯಿಂದ ಬೆನ್ನ ಬುಡದವರೆಗಿನ ಉದ್ದ ಅಳೆದರೆ ತಾರೀಖು 5ರಿಂದ 7 ದಿನ ಆಚೀಚೆ ಆದೀತು, ಅಷ್ಟೇ. ಏಳು ತಿಂಗಳು ದಾಟಿದ ಮೇಲೆ ಒಂದು ಕೂಸು ದಪ್ಪ, ಇನ್ನೊಂದು ಸಣಕಲು; ತಪ್ಪು 3 ವಾರದವರೆಗೂ ಹೋಗುತ್ತದೆ. ಯಂತ್ರಕ್ಕೆ ಅದರ ಗೊಡವೆ ಇಲ್ಲ. ತಲೆ, ಹೊಟ್ಟೆ, ತೊಡೆಯೆಲುಬು ಅಳೆದು, ಸರಾಸರಿ ತೆಗೆದು ಹೊಸ ತಾರೀಖು ಅಚ್ಚು ಹಾಕುತ್ತದೆ. 34 ವಾರದ ಕೂಸು 31 ವಾರದಷ್ಟೇ ಇದ್ದರೆ ಮಾಸಿನಿಂದ ಪೋಷಣೆ ಸಾಲುತ್ತಿಲ್ಲವೇನೋ ಎಂದು ನೋಡಬೇಕು. ತಾರೀಖನ್ನೇ ಮುಂದೆ ಹಾಕಿಬಿಟ್ಟರೆ ಆ ತೊಂದರೆ ಕಾಗದದಲ್ಲೇ ಮುಚ್ಚಿಹೋಗುತ್ತದೆ.

ಅದಕ್ಕೇ 7ರಿಂದ 9 ವಾರದೊಳಗೆ ಒಮ್ಮೆ ಬನ್ನಿ. ಗರ್ಭ ನಿಂತಿದ್ದು ಗರ್ಭಚೀಲದಲ್ಲೋ ನಳಿಕೆಯಲ್ಲೋ, ಎದೆಬಡಿತ ಇದೆಯೋ, ಅವಳಿಯೋ ಎಂಬುದೂ ಆಗಲೇ ತಿಳಿಯುತ್ತದೆ. ವಾರ ಎಣಿಸುವುದು ಮುಟ್ಟು ತಪ್ಪಿದ ದಿನದಿಂದಲ್ಲ, ಕೊನೆಯ ಮುಟ್ಟಿನ ಮೊದಲ ದಿನದಿಂದ. ತಾರೀಖು ನೆನಪಿಲ್ಲವೇ? "ಶರಣಬಸವೇಶ್ವರ ಜಾತ್ರಿ ಆಗಿ ಎಂಟ್ ದಿನಕ್ಕ್ರಿ" ಎಂದರೂ ಸಾಕು, ಕ್ಯಾಲೆಂಡರ್‌ನಲ್ಲಿ ಹುಡುಕಿಕೊಳ್ಳಬಹುದು.

11ರಿಂದ 13 ವಾರ 6 ದಿನದೊಳಗೆ ಎನ್‌ಟಿ ಸ್ಕ್ಯಾನ್: ಕತ್ತಿನ ಹಿಂದಿನ ನೀರಿನ ಪದರ ಅಳೆಯುತ್ತಾರೆ. ವಾರ ಮೀರಿದರೆ ಆ ಅಳತೆಗೆ ಅರ್ಥವಿಲ್ಲ.

18ರಿಂದ 20 ವಾರದ ಟಿಫಾ ಸ್ಕ್ಯಾನ್ ತಪ್ಪಿಸಬೇಡಿ. ಹೃದಯದ ನಾಲ್ಕು ಕೋಣೆ, ಬೆನ್ನುಹುರಿ, ಮೂತ್ರಪಿಂಡ, ಮೆದುಳು, ತುಟಿ ಒಂದೊಂದಾಗಿ ನೋಡುತ್ತಾರೆ. ಮುಂಚೆ ಬಂದರೆ ಹೃದಯ ಇನ್ನೂ ತೀರಾ ಚಿಕ್ಕದು. ತಡವಾಗಿ 24 ವಾರ ದಾಟಿದರೆ, ದೊಡ್ಡ ದೋಷ ಕಂಡರೂ ಗರ್ಭಪಾತದ ತೀರ್ಮಾನ ಮೆಡಿಕಲ್ ಬೋರ್ಡ್ ಮುಂದೆ ಹೋಗುತ್ತದೆ. ಕೂಸು ಬೋರಲು ಮಲಗಿದ್ದರೆ ಅರ್ಧ ತಾಸು ಅಡ್ಡಾಡಿ ಬನ್ನಿ ಎನ್ನುತ್ತಾರೆ, ಗಾಬರಿಯಾಗಬೇಡಿ.

ಕೊನೆಯ ತಿಂಗಳುಗಳಲ್ಲಿ ಬೆಳವಣಿಗೆ, ನೀರು, ಮಾಸಿನ ಜಾಗ, ತಲೆ ಕೆಳಗಿದೆಯೋ ಎಂದು ನೋಡುತ್ತಾರೆ.

ಉಪವಾಸ ಬೇಕಿಲ್ಲ. ಮೊದಲ ಸ್ಕ್ಯಾನಿಗೆ ಮಾತ್ರ ತಾಸು ಮುಂಚೆ 3–4 ಗ್ಲಾಸು ನೀರು ಕುಡಿದು ಮೂತ್ರ ತಡೆದಿರಿ. ನೈಟಿ ಬೇಡ, ಸೀರೆ ಅನುಕೂಲ. ಪ್ರತಿ ಗರ್ಭಿಣಿಯ ಸ್ಕ್ಯಾನಿಗೂ ತುಂಬಬೇಕಾದ ಸರ್ಕಾರಿ ನಮೂನೆ ಫಾರಂ ಎಫ್‌ಗೆ ಗುರುತಿನ ಚೀಟಿ ಬೇಕು. ಗಂಡೋ ಹೆಣ್ಣೋ ಎಂದು ಕೇಳಬೇಡಿ. ಲಿಂಗಪತ್ತೆ ತಡೆಯುವ 1994ರ ಕಾಯ್ದೆಯಲ್ಲಿ ಕೇಳುವ ಮನೆಯವರಿಗೂ ಜೈಲಿದೆ.

ತವರಿಗೆ ಹೊರಡುವಾಗ ತಾಯಿ ಕಾರ್ಡಿನೊಳಗೆ ಮೊದಲ ರಿಪೋರ್ಟಿನ ಝೆರಾಕ್ಸ್ ಇಡಿ. ಕಪ್ಪು-ಬಿಳಿ ಚಿತ್ರದ ಹೊಳಪು ಕಾಗದ ನಮ್ಮ ಕಡೆಯ ಬಿಸಿಲಿಗೆ ಮಸಕಾಗುತ್ತದೆ. ಅಳತೆ ಬರೆದ ಹಾಳೆಯೇ ಬೇಕು.